ಗಾಳಿಯ ಜಾಡು ಹಿಡಿದು ಅಗೆಯುವವರು

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿರುವ ಲೆಚುಗಿಯಾ ಗುಹೆಯನ್ನು 1986ರವರೆಗೆ ಯಾರೂ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಕಾರ್ಲ್ಸ್‌ಬಾಡ್ ಕ್ಯಾವರ್ನ್ಸ್ ರಾಷ್ಟ್ರೀಯ ಉದ್ಯಾನದ ಬೆಟ್ಟದಲ್ಲಿ ಸುಮಾರು 27 ಮೀಟರ್ ಆಳದ ಒಂದು ಕಡಿದಾದ ಕುಳಿ, ಅದರ ತಳದಲ್ಲಿ ನೂರಿಪ್ಪತ್ತು ಮೀಟರಿನಷ್ಟು ಒಣ ಹಾದಿ, ಆಮೇಲೆ ಕಲ್ಲುಮಣ್ಣಿನ ರಾಶಿ, ಅಷ್ಟೇ. ಗೊಬ್ಬರಕ್ಕಾಗಿ ಬಾವಲಿಯ ಹಿಕ್ಕೆ ತೆಗೆಯಲು ಹಿಂದೆ ಕೆಲವರು ಅಲ್ಲಿಗೆ ಇಳಿದಿದ್ದರು. ಆದರೆ 1950ರ ದಶಕದಲ್ಲಿ ಅಲ್ಲಿಗೆ ಹೋದ ಗುಹಾನ್ವೇಷಕರಿಗೆ ಕಾಲಡಿಯ ರಾಶಿಯ ಸಂದುಗಳಿಂದ ಗಾಳಿ ಮೊರೆಯುತ್ತಾ ಮೇಲೇಳುವುದು ಕೇಳಿಸಿತ್ತು. ಕಲ್ಲುಮಣ್ಣು ತಾನಾಗಿ ಉಸಿರಾಡುವುದಿಲ್ಲ. ಅದರ ಹಿಂದೆ ದೊಡ್ಡ ಪೊಳ್ಳೇ ಇರಬೇಕು. ಕೊಲರಾಡೊದ ಹವ್ಯಾಸಿಗಳ ತಂಡವೊಂದು 1984ರಲ್ಲಿ ಉದ್ಯಾನ ಇಲಾಖೆಯ ಅನುಮತಿ ಪಡೆದು ಅಗೆತಕ್ಕೆ ತೊಡಗಿತು. 1986ರ ಮೇ 26ರಂದು ದಾರಿ ಬಿಟ್ಟುಕೊಂಡಿತು. ಆ ದಾರಿಯಾಚೆ ಇದುವರೆಗೆ 240 ಕಿ.ಮೀ.ಗೂ ಹೆಚ್ಚು ಉದ್ದದ ಸುರಂಗಗಳ ನಕ್ಷೆ ತಯಾರಾಗಿದೆ. ಅದರ ಆಳ 489 ಮೀಟರ್.

ಸುಣ್ಣಕಲ್ಲಿನ ಬೆಟ್ಟಗಳಿರುವ ಹಲವು ದೇಶಗಳಲ್ಲಿ ವಾರಕ್ಕೊಂದು ಸಂಜೆಯನ್ನೋ ತಿಂಗಳಿಗೊಂದು ಭಾನುವಾರವನ್ನೋ ಇಂಥ ಅಗೆತಕ್ಕೆಂದೇ ಮೀಸಲಿಟ್ಟ ಜನರಿದ್ದಾರೆ. ಅವರಿಗೆ ಸಂಬಳವಿಲ್ಲ, ಸಿಗುವುದು ಏನೆಂಬ ಖಾತರಿಯಿಲ್ಲ, ಹೆಚ್ಚಿನ ಸಲ ಏನೂ ಸಿಗುವುದಿಲ್ಲ. ಹಾಗಿದ್ದೂ ಅವರ ಕೆಲಸ ಈಗ ಚರ್ಚೆಯ ವಸ್ತುವಾಗಿದೆ. ಒಂದು ಪಕ್ಷ, ಅನುಭವಿ ಹವ್ಯಾಸಿಗಳನ್ನು ತಡೆದರೆ ಭೂಗರ್ಭದ ಅನ್ವೇಷಣೆಯೇ ನಿಂತುಹೋಗುತ್ತದೆ ಎನ್ನುತ್ತದೆ. ಇನ್ನೊಂದು, ಲಕ್ಷಾಂತರ ವರ್ಷ ಮುಚ್ಚಿಕೊಂಡಿದ್ದ ಜಾಗವನ್ನು ಬಿಡುವಿನ ವೇಳೆಯ ಉತ್ಸಾಹಕ್ಕಾಗಿ ಒಡೆಯಬಾರದು ಎನ್ನುತ್ತದೆ. ಅಗೆಯಬೇಕೇ ಬೇಡವೇ ಎಂಬಲ್ಲಿಗೇ ಈ ವಾದ ನಿಂತುಬಿಡುವುದು ನನಗೆ ಸರಿಕಾಣುವುದಿಲ್ಲ. ದಾರಿ ಬಿಟ್ಟುಕೊಂಡ ಮೊದಲ ದಿನ ಯಾರು ಏನು ಮಾಡುತ್ತಾರೆ, ಏನು ಮಾಡುವುದಿಲ್ಲ ಎಂಬುದನ್ನು ಮೊದಲ ಗುದ್ದಲಿ ಬೀಳುವ ಮುನ್ನವೇ ತೀರ್ಮಾನಿಸಿರಬೇಕು. ಅನುಮತಿಯ ಪ್ರಶ್ನೆ ಅಲ್ಲಿಂದ ಶುರುವಾಗಬೇಕು.

ಗುಹೆಯೊಂದು ಮುಚ್ಚಿಹೋಗುವುದು ಹೇಗೆಂದು ತಿಳಿದರೆ ಅಗೆತದ ತರ್ಕವೂ ತಿಳಿಯುತ್ತದೆ. ಮಳೆನೀರು ಗಾಳಿಯಿಂದಲೂ, ಅದಕ್ಕಿಂತ ಹೆಚ್ಚಾಗಿ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ದುರ್ಬಲ ಆಮ್ಲವಾಗುತ್ತದೆ, ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಕಲ್ಲನ್ನು ಕರಗಿಸುತ್ತದೆ, ಕೂದಲೆಳೆಯಷ್ಟಿದ್ದ ಬಿರುಕು ಸಾವಿರಾರು ವರ್ಷಗಳಲ್ಲಿ ಆಳುದ್ದದ ಸುರಂಗವಾಗುತ್ತದೆ. ಕಣಿವೆ ಆಳವಾದಂತೆ ನೀರು ಕೆಳಗಿನ ಹೊಸ ದಾರಿ ಹಿಡಿಯುತ್ತದೆ; ಮೇಲಿನ ಹಳೆಯ ಸುರಂಗ ಬರಿದಾಗಿ ಉಳಿಯುತ್ತದೆ. ಆ ಬರಿದಾದ ಸುರಂಗಕ್ಕೆ ಪ್ರವಾಹದ ಹೂಳು ತುಂಬುತ್ತದೆ, ಚಾವಣಿ ಕುಸಿದು ಬಂಡೆ ಬೀಳುತ್ತದೆ, ಹಿಮಯುಗ ಕಂಡ ನಾಡುಗಳಲ್ಲಿ ಹಿಮನದಿಗಳು ಹೊತ್ತುತಂದ ಜೇಡಿಮಣ್ಣು ಮತ್ತು ಉರುಟುಗಲ್ಲು ಬಾಯಿಗೆ ಬಿರಡೆ ಜಡಿಯುತ್ತವೆ. ಹೀಗಾಗಿ ಇಂಗ್ಲೆಂಡಿನ ಯಾರ್ಕ್‌ಶೈರ್ ಡೇಲ್ಸ್‌ನಲ್ಲಾಗಲಿ ಮೆಂಡಿಪ್ ಬೆಟ್ಟಗಳಲ್ಲಾಗಲಿ ಹುಲ್ಲುಗಾವಲಿನಲ್ಲಿ ಕಾಣುವ ಬೋಗುಣಿಯಾಕಾರದ ತಗ್ಗು ಬರೀ ತಗ್ಗಲ್ಲ. ಅದರ ಅಡಿಯಲ್ಲಿ ಕಟ್ಟಿಕೊಂಡ ಗಂಟಲೊಂದು ಇರಬಹುದು. ಮೆಂಡಿಪ್‌ನಲ್ಲಿ 1939ರಲ್ಲಿ ತೆರೆದ ಜಿಬಿ ಗುಹೆ, 1953ರಲ್ಲಿ ತೆರೆದ ಸೇಂಟ್ ಕತ್‌ಬರ್ಟ್ಸ್ ಗುಹೆ ಎರಡೂ ಹವ್ಯಾಸಿಗಳ ಅಗೆತದ ಫಲ.

ಎಲ್ಲಿ ಅಗೆಯಬೇಕೆಂದು ಹೇಳುವ ಮೊದಲ ಸಾಕ್ಷಿ ಗಾಳಿ. ಗುಹೆಯೊಳಗಿನ ಉಷ್ಣತೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ. ಆ ಪ್ರದೇಶದ ವಾರ್ಷಿಕ ಸರಾಸರಿಗೆ ಹತ್ತಿರ. ಬೆಟ್ಟದ ಮೇಲೊಂದು ಕೆಳಗೊಂದು ಬಾಯಿದ್ದರೆ ಇಡೀ ಗುಹೆ ಹೊಗೆಗೂಡಿನಂತೆ ವರ್ತಿಸುತ್ತದೆ. ಚಳಿಗಾಲದಲ್ಲಿ ಒಳಗಿನ ಗಾಳಿ ಹೊರಗಿನದಕ್ಕಿಂತ ಬೆಚ್ಚಗೂ ಹಗುರವೂ ಆಗಿರುವುದರಿಂದ ಮೇಲಿನ ಬಾಯಿಂದ ಹೊರಬೀಳುತ್ತದೆ, ಕೆಳಗಿನ ಬಾಯಿ ತಣ್ಣನೆಯ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಈ ಸಂಚಾರ ತಿರುಗುಮುರುಗಾಗುತ್ತದೆ. ಅದಕ್ಕೇ ಅಗೆತಗಾರರು ಹಿಮ ಬಿದ್ದ ಮರುದಿನ ಬೆಳಿಗ್ಗೆ ಬೆಟ್ಟ ಸುತ್ತುತ್ತಾರೆ. ಎಲ್ಲೆಲ್ಲೂ ಬಿಳಿ ಹಾಸಿರುವಾಗ ಒಂದು ಕಡೆ ಮಾತ್ರ ಹಸಿರು ಹುಲ್ಲಿನ ತೇಪೆ ಕಂಡರೆ ಅಡಿಯಿಂದ ಬೆಚ್ಚನೆಯ ಉಸಿರು ಬರುತ್ತಿದೆ ಎಂದರ್ಥ. ಒಂದೇ ಬಾಯಿಯ ಗುಹೆಗಳು ಬೇರೆ ರೀತಿ ಉಸಿರಾಡುತ್ತವೆ: ಹೊರಗಿನ ವಾಯುಭಾರ ಇಳಿದರೆ ಗಾಳಿ ಹೊರಗೆ, ಏರಿದರೆ ಒಳಗೆ. ವಾಯುಭಾರ ನೂರಕ್ಕೆ ಒಂದರಷ್ಟು ಇಳಿದರೆ, ಹತ್ತು ಲಕ್ಷ ಘನ ಮೀಟರ್ ಪೊಳ್ಳಿರುವ ಗುಹೆ ಸುಮಾರು ಹತ್ತು ಸಾವಿರ ಘನ ಮೀಟರ್ ಗಾಳಿಯನ್ನು ಹೊರಹಾಕಲೇಬೇಕು, ಅದೂ ಮನುಷ್ಯ ತೂರಲಾಗದ ಸಂದಿನಿಂದ. ಲೆಚುಗಿಯಾದ ಮೊರೆತ ಈ ಬಗೆಯದು. ದಕ್ಷಿಣ ಡಕೋಟಾದ ವಿಂಡ್ ಕೇವ್‌ಗೆ ಆ ಹೆಸರು ಬಂದದ್ದೂ ಇದರಿಂದಲೇ.

ಗಾಳಿಯ ಜೊತೆಗೆ ನೀರೂ ಸಾಕ್ಷಿ ನುಡಿಯುತ್ತದೆ. ಬೆಟ್ಟದ ಮೇಲೆ ಹೊಳೆ ನೆಲದೊಳಗೆ ಇಂಗುವ ಕಡೆ ಫ್ಲೋರೆಸೀನ್‌ನಂತಹ ಹಸಿರು ಬಣ್ಣ ಸುರಿದು, ತಪ್ಪಲಿನ ಯಾವ ಒರತೆಯಲ್ಲಿ ಎಷ್ಟು ಹೊತ್ತಿಗೆ ಆ ಬಣ್ಣ ಕಾಣಿಸುತ್ತದೆ ಎಂದು ನೋಡಿದರೆ ನಡುವಿನ ದಾರಿ ತೆರವಾಗಿದೆಯೇ, ಕೆಸರಿನಲ್ಲಿ ಸೋಸಿ ಬರುತ್ತಿದೆಯೇ ಎಂದು ಊಹಿಸಬಹುದು. ವಿಮಾನದಿಂದ ಲೇಸರ್ ಬೀರಿ ಮಾಡುವ ಲೈಡಾರ್ ನಕ್ಷೆಗಳು ಪೊದೆ, ಮರ, ಹುಲ್ಲನ್ನೆಲ್ಲ ಅಳಿಸಿ ಬರೀ ನೆಲದ ಏರುತಗ್ಗು ತೋರಿಸುವುದರಿಂದ, ಹಿಂದೆ ವರ್ಷಗಟ್ಟಲೆ ಕಾಲ್ನಡಿಗೆಯಲ್ಲಿ ಹುಡುಕಬೇಕಿದ್ದ ತಗ್ಗುಗಳು ಈಗ ಮನೆಯ ಕಂಪ್ಯೂಟರಿನಲ್ಲೇ ಸಿಗುತ್ತವೆ.

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಕೂಲಿ ಕೆಲಸ. ಅಗೆತದ ತುದಿ ಹೇಗಿರುತ್ತದೆಂದು ಹತ್ತಿರದಿಂದ ನೋಡಬೇಕು. ಎತ್ತರ ಅರವತ್ತು ಸೆಂಟಿಮೀಟರ್, ಅಗಲವೂ ಅಷ್ಟೇ. ಮುಂದಿರುವವರು ಬೋರಲು ಮಲಗಿ, ಎರಡೂ ತೋಳನ್ನು ಮುಂದಕ್ಕೆ ಚಾಚಿ, ಹಿಡಿ ಕತ್ತರಿಸಿ ಗಿಡ್ಡ ಮಾಡಿದ ಗುದ್ದಲಿಯಿಂದ ಜೇಡಿಮಣ್ಣನ್ನು ಕೆರೆಯುತ್ತಾರೆ. ತೋಳು ಮಡಚಲು ಜಾಗವಿಲ್ಲ. ಕೆರೆದ ಮಣ್ಣನ್ನು ಎದೆಯ ಕೆಳಗಿನಿಂದ ಹಿಂದಕ್ಕೆ ತಳ್ಳಿ, ಪ್ಲಾಸ್ಟಿಕ್ ಡಬ್ಬ ಸೀಳಿ ಮಾಡಿದ ತಟ್ಟೆಗೆ ತುಂಬಿ, ಹಗ್ಗ ಜಗ್ಗಿ ಸನ್ನೆ ಕೊಡುತ್ತಾರೆ. ಹಿಂದಿರುವವರು ಆ ತಟ್ಟೆಯನ್ನು ಎಳೆದುಕೊಂಡು ಚೀಲಕ್ಕೋ ಬಕೆಟ್ಟಿಗೋ ಸುರಿದು, ಮುಂದಿನ ಹಗ್ಗದಿಂದ ಖಾಲಿ ತಟ್ಟೆ ವಾಪಸು ಹೋಗುವಂತೆ ಬಿಡುತ್ತಾರೆ. ಈ ಅಳತೆಯ ದಾರಿಯಲ್ಲಿ ಒಂದು ಮೀಟರ್ ಮುಂದೆ ಹೋಗಲು ಮೂರನೇ ಒಂದು ಘನ ಮೀಟರಿಗಿಂತ ಸ್ವಲ್ಪ ಹೆಚ್ಚು ಮಣ್ಣು ತೆಗೆಯಬೇಕು. ಹಸಿ ಜೇಡಿಮಣ್ಣಿನ ಲೆಕ್ಕದಲ್ಲಿ ಅದು ಸುಮಾರು ಏಳುನೂರು ಕಿಲೊ. ತಟ್ಟೆಗೆ ಹದಿನೈದು ಕಿಲೊದಂತೆ ತುಂಬಿದರೂ ನಲವತ್ತೈದಕ್ಕೂ ಹೆಚ್ಚು ಎಳೆತ. ಇಡೀ ಸಂಜೆಯ ದುಡಿಮೆ ಒಂದು ಮೊಳದ ಮುನ್ನಡೆಯಾಗಿ ಮುಗಿಯುವುದು ಸಾಮಾನ್ಯ. ಹೊರಡುವ ಮುನ್ನ ಯಾರೋ ಒಂದು ಊದುಬತ್ತಿ ಹಚ್ಚಿ ತುದಿಯಲ್ಲಿ ಹಿಡಿಯುತ್ತಾರೆ. ಹೊಗೆ ನೆಟ್ಟಗೆ ಏರದೆ ಮಣ್ಣಿನ ಮೇಲಂಚಿನ ಬೆರಳಗಲದ ಕತ್ತಲೆಯತ್ತ ಬಾಗಿದರೆ ಮುಂದಿನ ವಾರವೂ ಬರಲು ಅದು ಸಾಕು.

ಕೆಲವು ತಂಡಗಳ ತಾಳ್ಮೆಗೆ ಸಿಕ್ಕ ಫಲ ನೆನೆದರೆ ಗೌರವ ಮೂಡದೆ ಇರದು. ದಕ್ಷಿಣ ಫ್ರಾನ್ಸಿನ ಬ್ರುನಿಕೆಲ್‌ನಲ್ಲಿ ಬೆಟ್ಟದ ಇಳಿಜಾರಿನ ಕಲ್ಲುರಾಶಿಯಿಂದ ಗಾಳಿ ಬರುವುದನ್ನು ಗಮನಿಸಿದ ಹದಿಹರೆಯದ ಹುಡುಗನೊಬ್ಬ ಸುಮಾರು ಮೂರು ವರ್ಷ ಕಲ್ಲು ತೆಗೆದು ಮೂವತ್ತು ಮೀಟರ್ ಉದ್ದದ ಇಕ್ಕಟ್ಟಾದ ದಾರಿ ಬಿಡಿಸಿದ. 1990ರಲ್ಲಿ ಸ್ಥಳೀಯ ಗುಹಾ ಸಂಘದವರು ಅದರಲ್ಲಿ ತೂರಿ ಒಳಹೊಕ್ಕರು. ಬಾಯಿಂದ 336 ಮೀಟರ್ ಒಳಗೆ, ನೆಲದಿಂದ ಎದ್ದ ಸುಣ್ಣದ ಕಂಬಗಳನ್ನು ಮುರಿದು ಸುಮಾರು ನಾನೂರು ತುಂಡುಗಳಿಂದ ಬಳೆಯಾಕಾರದಲ್ಲಿ ಜೋಡಿಸಿದ ರಚನೆಗಳು ಅವರಿಗೆ ಕಂಡವು. ಅವು ಸುಮಾರು 1,76,500 ವರ್ಷ ಹಿಂದಿನವು ಎಂದು 2016ರಲ್ಲಿ ಪ್ರಕಟವಾದ ಕಾಲನಿರ್ಣಯ ತೋರಿಸಿತು. ಯುರೋಪಿನಲ್ಲಿ ಆಗ ಇದ್ದವರು ನಿಯಾಂಡರ್ತಲ್ ಮಾನವರು ಮಾತ್ರ. ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಹಳೆಯ ಸೀಸದ ಗಣಿಗಳ ಕುರಿತು 1793ರ ಬರಹವೊಂದನ್ನು ಗ್ರಂಥಾಲಯದಲ್ಲಿ ಪತ್ತೆಹಚ್ಚಿ, ಅದರ ಸುಳಿವು ಹಿಡಿದು ಬಂಡೆಗಳ ರಾಶಿಯನ್ನು ಬಿಡಿಸುತ್ತಾ ಹೋದ ತಂಡ 1999ರ ಜನವರಿ 1ರಂದು ಟೈಟನ್ ಎಂಬ ಕೂಪವನ್ನು ತಲುಪಿತು. 141.5 ಮೀಟರಿನ ಆ ಕೂಪ ಬ್ರಿಟನ್ನಿನ ನೈಸರ್ಗಿಕ ಕೂಪಗಳಲ್ಲೇ ಅತ್ಯಂತ ಆಳವಾದದ್ದು.

ಯಾವ ವಿಶ್ವವಿದ್ಯಾಲಯವೂ ಸರ್ಕಾರಿ ಇಲಾಖೆಯೂ ಇಂಥ ಕೆಲಸಕ್ಕೆ ಹಣ ಕೊಡುವುದಿಲ್ಲ. ಹತ್ತು ವರ್ಷ ಅಗೆದರೂ ಫಲ ಬರಬಹುದು, ಬರದೇ ಇರಬಹುದು ಎಂಬ ಯೋಜನೆಗೆ ಯಾವ ಸಮಿತಿಯೂ ಸಹಿ ಹಾಕುವುದಿಲ್ಲ, ಹಾಕಬೇಕೆಂದು ಕೇಳುವುದೂ ನ್ಯಾಯವಲ್ಲ. ಆದರೂ ಆ ಕೆಲಸದ ಲಾಭ ಎಲ್ಲರಿಗೂ ಇದೆ. ಜಗತ್ತಿನ ಜನರಲ್ಲಿ ಸುಮಾರು ಹತ್ತನೇ ಒಂದು ಪಾಲಿಗೆ ಕುಡಿಯುವ ನೀರು ಬರುವುದು ಇಂಥ ಕರಗುವ ಕಲ್ಲಿನ ಪದರಗಳಿಂದ. ಆ ನೀರು ಮಣ್ಣಿನಲ್ಲಿ ನಿಧಾನವಾಗಿ ಸೋಸುವುದಿಲ್ಲ, ಕೊಳವೆಯಲ್ಲಿ ಹರಿದಂತೆ ಹರಿಯುತ್ತದೆ. ಬೆಟ್ಟದ ಮೇಲೆ ಚೆಲ್ಲಿದ ಹೊಲಸು ಗಂಟೆಗಳಲ್ಲೋ ದಿನಗಳಲ್ಲೋ ಕೆಳಗಿನ ಒರತೆಗೆ ಬರಬಹುದು. ಎಲ್ಲಿಂದ ಎಲ್ಲಿಗೆ ಕೊಳವೆಯಿದೆ ಎಂದು ತೋರಿಸುವ ನಕ್ಷೆಗಳಲ್ಲಿ ಬಹುಪಾಲು ಹವ್ಯಾಸಿಗಳು ಮಂಡಿಯೂರಿ ಅಳೆದು ಬರೆದವು. ಈ ಋಣವನ್ನು ಮರೆತು ಅವರನ್ನು ಅತಿಕ್ರಮಣಕಾರರಂತೆ ಕಾಣುವುದು ತಪ್ಪು.

ಅಷ್ಟೇ ಸ್ಪಷ್ಟವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಗುದ್ದಲಿ, ಹಾರೆ, ಉಳಿ, ಸುತ್ತಿಗೆಗಳ ಕಾಲದಲ್ಲಿ ಶ್ರಮವೇ ಒಂದು ಕಡಿವಾಣವಾಗಿತ್ತು. ಈಗ ಬ್ಯಾಟರಿ ಡ್ರಿಲ್ ಕೈಗೆ ಬಂದಿದೆ. ಬಂಡೆಗೆ ತೂತು ಕೊರೆದು ಅದರಲ್ಲಿ ಸಣ್ಣ ಮದ್ದಿನ ತೋಟೆ ಸಿಡಿಸಿಯೋ, ಎರಡು ಲೋಹದ ಪಟ್ಟಿಗಳ ನಡುವೆ ಬೆಣೆ ಹೊಡೆದೋ ಒಂದು ಮಧ್ಯಾಹ್ನದಲ್ಲಿ ಒಡೆಯಬಹುದಾದಷ್ಟನ್ನು ಹಿಂದಿನವರು ತಿಂಗಳುಗಟ್ಟಲೆ ಒಡೆಯುತ್ತಿದ್ದರು. ಲೈಡಾರ್ ತಗ್ಗನ್ನು ತೋರಿಸುತ್ತದೆ, ಡ್ರಿಲ್ ಬಾಯಿ ತೆರೆಯುತ್ತದೆ, ಮೊಬೈಲಿನಲ್ಲಿ ಚಿತ್ರ ಅದೇ ರಾತ್ರಿ ಊರೂರು ತಲುಪುತ್ತದೆ. ಅನ್ವೇಷಣೆಯ ವೇಗ ಹೆಚ್ಚಿದೆ. ತೆರೆದ ಗುಹೆಯನ್ನು ಕಾಯುವ ವ್ಯವಸ್ಥೆಯ ವೇಗ ಹೆಚ್ಚಿಲ್ಲ. ಇಂದಿನ ತಕರಾರುಗಳೆಲ್ಲ ಹುಟ್ಟುವುದು ಈ ಅಂತರದಲ್ಲಿ.

ಮುಚ್ಚಿದ ಗುಹೆ ತೆರೆದಾಗ ಆಗುವ ನಷ್ಟ ಕಣ್ಣಿಗೆ ಕಾಣುವುದಿಲ್ಲ, ಮೊದಲಿಗೆ ಬದಲಾಗುವುದು ಗಾಳಿ. ಸದಾ ತೇವದಿಂದ ತುಂಬಿದ್ದ ಕೋಣೆಗೆ ಒಣ ಗಾಳಿ ನುಗ್ಗಿದರೆ ಗೋಡೆ ಒಣಗುತ್ತದೆ, ಒಂದು ಸೆಂಟಿಮೀಟರ್ ಬೆಳೆಯಲು ನೂರಾರು ವರ್ಷ ತೆಗೆದುಕೊಳ್ಳಬಹುದಾದ ಸುಣ್ಣದ ಕೊಳವೆಗಳು ಹೊಳಪು ಕಳೆದುಕೊಂಡು ಬೆಳವಣಿಗೆ ನಿಲ್ಲಿಸುತ್ತವೆ. ಆದಿಮಾನವರ ಚಿತ್ರಗಳಿರುವ ಫ್ರಾನ್ಸಿನ ಲಾಸ್ಕೊ ಗುಹೆಯ ಕಥೆ ಎಲ್ಲರಿಗೂ ಗೊತ್ತಿರುವುದೇ. 1940ರ ಸೆಪ್ಟೆಂಬರಿನಲ್ಲಿ ನಾಲ್ವರು ಹುಡುಗರು ಒಂದು ಬಿಲವನ್ನು ಅಗಲ ಮಾಡಿಕೊಂಡು ಒಳಗಿಳಿದರು. 1948ರಲ್ಲಿ ಗುಹೆ ಜನರಿಗೆ ತೆರೆಯಿತು. 1955ರ ಹೊತ್ತಿಗೆ ದಿನಕ್ಕೆ ಸುಮಾರು 1,200 ಮಂದಿಯ ಉಸಿರು ಮತ್ತು ಬೆವರು ಚಿತ್ರಗಳನ್ನು ಹಾಳುಮಾಡತೊಡಗಿತ್ತು. 1963ರಲ್ಲಿ ಬಾಗಿಲು ಹಾಕಬೇಕಾಯಿತು. ಬಾಗಿಲು ಹಾಕಿದ ಮೇಲೂ ಪಾಚಿ, ಬೂಷ್ಟುಗಳ ಕಾಟ ತೀರಲಿಲ್ಲ.

ಅದೇ ದೇಶದ ಆರ್ದೆಶ್ ಕಣಿವೆಯಲ್ಲಿ 1994ರ ಡಿಸೆಂಬರ್ 18ರಂದು ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಜೀನ್-ಮಾರಿ ಶೋವೆ, ಎಲಿಯೆತ್ ಬ್ರೂನೆಲ್, ಕ್ರಿಸ್ಟಿಯಾನ್ ಇಲೇರ್ ಎಂಬ ಮೂವರು ಗುಹಾಪ್ರಿಯರು ಒಂದು ಸಣ್ಣ ರಂಧ್ರದಿಂದ ಗಾಳಿ ಬರುವುದನ್ನು ಕಂಡು, ಕಲ್ಲು ಸರಿಸಿ, ದಾರಿ ಮಾಡಿಕೊಂಡು ಒಳಹೋದರು. ಸುಮಾರು 36,000 ವರ್ಷ ಹಳೆಯ ಸಿಂಹ, ಘೇಂಡಾಮೃಗ, ಕುದುರೆಗಳ ಚಿತ್ರಗಳು ಅವರ ದೀಪಕ್ಕೆ ಎದುರಾದವು. ನೆಲದ ಮೇಲೆ ಗುಹಾಕರಡಿಗಳ ಎಲುಬುಗಳು, ಹೆಜ್ಜೆಗುರುತುಗಳು ಹಾಗೆಯೇ ಇದ್ದವು. ಆ ಕ್ಷಣದಲ್ಲಿ ಯಾರೇ ಆದರೂ ಗೋಡೆಯತ್ತ ಓಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಒಬ್ಬರ ಹಿಂದೊಬ್ಬರು ಸಾಲಾಗಿ ನಡೆದರು, ಬಂದ ಹೆಜ್ಜೆಯಲ್ಲೇ ಹಿಂದಿರುಗಿದರು, ಮುಂದಿನ ಭೇಟಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಸುರುಳಿ ತಂದು ನಡೆಯುವ ಜಾಗಕ್ಕೆ ಹಾಸಿದರು. ಇಂದು ವಿಜ್ಞಾನಿಗಳು ಆ ನೆಲದಿಂದ ಓದುತ್ತಿರುವುದರಲ್ಲಿ ಬಹುಭಾಗ ಆ ಮೊದಲ ಕೆಲವು ಗಂಟೆಗಳಲ್ಲಿ ಉಳಿದದ್ದು. ಆ ಗುಹೆ ಪ್ರವಾಸಿಗರಿಗೆ ಎಂದೂ ತೆರೆಯಲಿಲ್ಲ; 2015ರಿಂದ ಜನ ನೋಡುತ್ತಿರುವುದು ಅದರ ಪ್ರತಿಕೃತಿಯನ್ನು. ಲಾಸ್ಕೊದಲ್ಲಿ ಒಳಹೊಕ್ಕವರೂ, ಇಲ್ಲಿ ಒಳಹೊಕ್ಕವರೂ ವೃತ್ತಿಪರ ಪುರಾತತ್ತ್ವಜ್ಞರಾಗಿರಲಿಲ್ಲ. ವ್ಯತ್ಯಾಸ ಬಂದದ್ದು ಒಳಹೊಕ್ಕವರ ತಿಳಿವಳಿಕೆಯಿಂದ ಮತ್ತು ಅವರ ಬೆನ್ನಿಗೆ ತಕ್ಷಣ ನಿಂತ ವ್ಯವಸ್ಥೆಯಿಂದ.

ಚಿತ್ರಗಳಿಲ್ಲದ ಗುಹೆಯಲ್ಲಿ ಕಳೆದುಕೊಳ್ಳಲು ಏನಿದೆ ಎಂದು ಕೇಳುವವರುಂಟು. ಲೆಚುಗಿಯಾದ ಆಳದಲ್ಲಿ ನಲವತ್ತು ಲಕ್ಷ ವರ್ಷಗಳಿಂದ ಹೊರಜಗತ್ತಿನ ಸಂಪರ್ಕವಿಲ್ಲದೆ ಬದುಕಿದ್ದ ಬ್ಯಾಕ್ಟೀರಿಯಾಗಳು ಇಂದಿನ ಹಲವು ಆ್ಯಂಟಿಬಯೋಟಿಕ್‌ಗಳನ್ನು ಎದುರಿಸಬಲ್ಲವು ಎಂದು 2012ರಲ್ಲಿ ತಿಳಿದುಬಂತು. ಔಷಧ ನಿರೋಧದ ಬೇರು ನಮ್ಮ ಔಷಧಗಳಿಗಿಂತ ಎಷ್ಟು ಹಳೆಯದೆಂದು ಅದರಿಂದ ಗೊತ್ತಾಯಿತು. ಒಬ್ಬರ ಬೂಟಿನ ಕೆಸರು, ಒಂದು ತುಣುಕು ತಿಂಡಿ ಆ ಸಾಕ್ಷ್ಯವನ್ನು ಕೆಡಿಸಬಲ್ಲದು. ಇನ್ನೊಂದು ನಷ್ಟದ ಬಗ್ಗೆ ಅಗೆತಗಾರರೇ ಸಾಕಷ್ಟು ಮಾತಾಡುವುದಿಲ್ಲ ಎಂದು ನನಗನ್ನಿಸುತ್ತದೆ. ಅವರು ಅಡ್ಡಿಯೆಂದು ಎಳೆದು ಹೊರಗೆ ಸುರಿಯುವ ಹೂಳು ಸ್ವತಃ ಒಂದು ದಾಖಲೆ. ಯಾವ ಪದರ ಯಾವ ಪ್ರವಾಹದಲ್ಲಿ ಬಂತು, ಯಾವ ಪರಾಗ ಯಾವ ಕಾಲದ ಕಾಡಿನದು, ಯಾವ ಎಲುಬು ಯಾವ ಪ್ರಾಣಿಯದು ಎಂಬುದೆಲ್ಲ ಅದು ಕೂತಿದ್ದ ಕ್ರಮದಲ್ಲೇ ಬರೆದಿರುತ್ತದೆ. ಒಮ್ಮೆ ತಟ್ಟೆಗೆ ಬಿದ್ದ ಮೇಲೆ ಆ ಕ್ರಮ ಮರಳಿ ಬಾರದು. ಪ್ರತಿ ಮೀಟರಿಗೊಮ್ಮೆ ತುದಿಯ ಗೋಡೆಯನ್ನು ನೆಟ್ಟಗೆ ಕತ್ತರಿಸಿ, ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು, ಪ್ರತಿ ಪದರದಿಂದ ಒಂದು ಹಿಡಿ ಮಣ್ಣನ್ನು ಗುರುತು ಹಾಕಿದ ಚೀಲದಲ್ಲಿ ಇಡಲು ಹತ್ತು ನಿಮಿಷ ಸಾಕು. ಎಲುಬು ಕಂಡರೆ ಮಾತ್ರ ಕೆಲಸ ನಿಲ್ಲಬೇಕು, ತಿಳಿದವರನ್ನು ಕರೆಯಬೇಕು.

ಬಾವಲಿಗಳ ವಿಷಯ ಇನ್ನಷ್ಟು ಗಂಭೀರ. ಚಳಿಗಾಲದಲ್ಲಿ ಅವು ಕೂಡಿಟ್ಟ ಕೊಬ್ಬಿನ ಮೇಲೆ ತಿಂಗಳುಗಟ್ಟಲೆ ನಿದ್ರಿಸುತ್ತವೆ. ಆ ನಿದ್ರೆಗೆ ಒಂದು ನಿಶ್ಚಿತ ತಂಪು, ಒಂದು ನಿಶ್ಚಿತ ತೇವ ಬೇಕು. ಹೊಸ ಬಾಯಿ ತೆರೆದು ಗಾಳಿಯ ದಿಕ್ಕು ಬದಲಾದರೆ ಹಳೆಯ ಬಾಯಿಯ ಬಳಿಯಿದ್ದ ತಂಗುದಾಣ ಕೆಡಬಹುದು. ಅಮೆರಿಕದಲ್ಲಿ 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ಮೊದಲು ಕಂಡ ಬಿಳಿಮೂಗಿನ ರೋಗ, ತಂಪಿನಲ್ಲಿ ಬೆಳೆಯುವ ಒಂದು ಶಿಲೀಂಧ್ರದಿಂದ ಬರುವಂಥದ್ದು, ಆ ನಿದ್ರೆಯನ್ನು ಕೆಡಿಸಿ ಬಾವಲಿಗಳು ಕೊಬ್ಬು ತೀರಿ ಸಾಯುವಂತೆ ಮಾಡಿತು. ಲಕ್ಷಗಟ್ಟಲೆ ಬಾವಲಿಗಳು ಸತ್ತಿವೆ. ಆ ಶಿಲೀಂಧ್ರ ಬಟ್ಟೆ, ಹಗ್ಗ, ಬೂಟುಗಳಲ್ಲಿ ಗುಹೆಯಿಂದ ಗುಹೆಗೆ ಸಾಗಬಹುದಾದ್ದರಿಂದ ಅಲ್ಲಿ ಅನೇಕ ಗುಹೆಗಳನ್ನು ಮುಚ್ಚಬೇಕಾಯಿತು, ಉಪಕರಣ ತೊಳೆಯುವ ಕಟ್ಟುನಿಟ್ಟಿನ ಕ್ರಮಗಳು ಬಂದವು. ಅಗೆತದ ಬಾಯಿಗೆ ಹಾಕುವ ಗೇಟಿನಲ್ಲಿ ಅಡ್ಡಸರಳುಗಳ ನಡುವೆ ಸುಮಾರು 15 ಸೆ.ಮೀ. ಅಂತರ ಬಿಟ್ಟರೆ ಬಾವಲಿ ಹಾರಿಹೋಗಬಲ್ಲದು, ಮನುಷ್ಯ ತೂರಲಾರ. ಮೊದಲಿನಿಂದಲೂ ಸಂದುಗಳಷ್ಟೇ ಬಿಟ್ಟು ಮುಚ್ಚಿದ್ದ ಗುಹೆಗಾದರೆ ಇಂಥ ಸರಳುಗೇಟು ತಪ್ಪು, ಗಾಳಿ ಬಿಗಿಯುವ ಬಾಗಿಲೇ ಬೇಕು. ಲೆಚುಗಿಯಾದ ಅಗೆದ ಜಾಗದಲ್ಲಿ ಲೋಹದ ಕೊಳವೆಗೆ ಅಂಥ ಬಾಗಿಲಿದೆ. ಯಾವುದು ಯಾವ ಗುಹೆಗೆ ಎಂಬುದನ್ನು ತೆರೆದ ಮೇಲೆ ಯೋಚಿಸಿದರೆ ಹೊತ್ತು ಮೀರಿರುತ್ತದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಅಮೆರಿಕದಲ್ಲಿ 1988ರ ಫೆಡರಲ್ ಗುಹಾ ಸಂಪನ್ಮೂಲ ರಕ್ಷಣಾ ಕಾಯ್ದೆಯಿದೆ. ಬ್ರಿಟನ್ನಿನಲ್ಲಿ ಮುಖ್ಯ ಗುಹಾ ಪ್ರದೇಶಗಳಲ್ಲಿ ಅನೇಕವು 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯಡಿ ವಿಶೇಷ ವೈಜ್ಞಾನಿಕ ಆಸಕ್ತಿಯ ತಾಣಗಳು. ಅಲ್ಲಿ ಅಗೆಯಲು ಜಮೀನಿನ ಒಡೆಯರ ಒಪ್ಪಿಗೆಯ ಜೊತೆಗೆ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಸಮ್ಮತಿಯೂ ಬೇಕು. ಆದರೆ ಇಂಥ ಸಮ್ಮತಿ ಹೆಚ್ಚಾಗಿ ಅಗೆತದ ಬಗ್ಗೆ ಮಾತಾಡುತ್ತದೆ, ಅಗೆತ ಫಲಿಸಿದ ಮೇಲಿನ ಬಗ್ಗೆ ಅಷ್ಟಾಗಿ ಅಲ್ಲ.

ಫಲಿಸಿದ ಮೇಲೆ ಏಳುವ ಜಗಳಕ್ಕೆ ದಕ್ಷಿಣ ವೇಲ್ಸ್‌ನ ಓಗೊವ್ ಡ್ರೈನೆನ್ ಒಳ್ಳೆಯ ನಿದರ್ಶನ. 1994ರ ಅಕ್ಟೋಬರಿನಲ್ಲಿ ಮೊರ್ಗಾನುಗ್ ಗುಹಾ ಸಂಘದ ಅಗೆತಗಾರರು ತೆರೆದ ಆ ಗುಹೆ ಬೆಳೆದು ಸುಮಾರು 70 ಕಿ.ಮೀ. ಉದ್ದವಾಯಿತು. ಒಂದೇ ದ್ವಾರವಿದ್ದರೆ ದೂರದ ಭಾಗಗಳಿಗೆ ಪರಿಣತರಷ್ಟೇ ತಲುಪುತ್ತಾರೆ, ಆ ದೂರವೇ ಗುಹೆಯ ಕಾವಲು ಎಂದು ಒಂದು ಬಣ. ತೀರ ಒಳಗೆ ಯಾರಿಗಾದರೂ ಕಾಲು ಮುರಿದರೆ ದಿನಗಟ್ಟಲೆ ಹೊತ್ತು ತರಬೇಕು, ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ದ್ವಾರ ಬೇಕೇ ಬೇಕು ಎಂದು ಇನ್ನೊಂದು ಬಣ. ಈ ವಿವಾದ ವರ್ಷಗಟ್ಟಲೆ ಎಳೆಯಿತು. ಇಬ್ಬರ ಮಾತಿನಲ್ಲೂ ಹುರುಳಿದೆ. 2021ರ ನವೆಂಬರಿನಲ್ಲಿ ಅದೇ ಸೀಮೆಯ ಓಗೊವ್ ಫನಾನ್ ಥಿ ಗುಹೆಯಲ್ಲಿ ಕಾಲಿಟ್ಟ ಬಂಡೆ ಸರಿದು ಗಾಯಗೊಂಡ ಒಬ್ಬರನ್ನು ಹೊರತರಲು 54 ಗಂಟೆ ಹಿಡಿಯಿತು, ಸುಮಾರು ಮುನ್ನೂರು ಮಂದಿ ದುಡಿದರು. ಆದರೂ ನನಗೆ ಮೊದಲ ಬಣದ ವಾದವೇ ಹೆಚ್ಚು ತೂಕದ್ದೆನಿಸುತ್ತದೆ. ಗುಹೆಗೆ ಹೋಗುವುದು ನಮ್ಮ ಆಯ್ಕೆ. ಆ ಅಪಾಯವನ್ನು ಕಡಿಮೆ ಮಾಡಿಕೊಳ್ಳಲು ಗುಹೆಯ ಗಾಳಿಯನ್ನೇ ಬದಲಿಸುವ ಮುನ್ನ ಗುಹೆಯ ಪರವಾಗಿ ಯಾರಾದರೂ ಲೆಕ್ಕ ಹಾಕಿರಬೇಕು.

ಗುಟ್ಟು ಕಾಯುವುದೂ ಒಂದು ದಾರಿ. ಅರಿಜೋನಾದಲ್ಲಿ 1974ರಲ್ಲಿ ಗ್ಯಾರಿ ಟೆನೆನ್ ಮತ್ತು ರ‍್ಯಾಂಡಿ ಟಫ್ಟ್ಸ್ ಎಂಬ ಇಬ್ಬರು ಯುವಕರು ಒಂದು ತಗ್ಗಿನ ತಳದ ಸಂದಿನಿಂದ ಬಾವಲಿ ಹಿಕ್ಕೆಯ ವಾಸನೆಯ ಬೆಚ್ಚಗಿನ ತೇವದ ಗಾಳಿ ಬರುವುದನ್ನು ಕಂಡು, ರಂಧ್ರ ದೊಡ್ಡದು ಮಾಡಿ ಒಳನುಗ್ಗಿದರು. ಒಳಗೆ ಇನ್ನೂ ಹನಿಯುತ್ತಾ ಬೆಳೆಯುತ್ತಿದ್ದ, ಮನುಷ್ಯ ಕಾಲಿಡದ ಸಭಾಂಗಣಗಳಿದ್ದವು. ಅವರು 14 ವರ್ಷ ಹೊರಗಿನವರಿಗೆ ಬಾಯಿಬಿಡಲಿಲ್ಲ. ಜಮೀನಿನ ಒಡೆಯರಾದ ಕಾರ್ಚ್‌ನರ್ ಕುಟುಂಬಕ್ಕೆ ಹೇಳಿದರು, ಅವರೊಡನೆ ಸೇರಿ ರಾಜ್ಯ ಸರ್ಕಾರದ ಮನವೊಲಿಸಿದರು. 1988ರಲ್ಲಿ ರಾಜ್ಯ ಅದನ್ನು ಕೊಂಡಿತು, ಒಳಗಿನ ಹವೆಯನ್ನು ಅಳೆದು, ಗಾಳಿ ತಡೆಯುವ ಬಾಗಿಲುಗಳನ್ನು ಕೂರಿಸಿ 1999ರಲ್ಲಿ ಜನರಿಗೆ ತೆರೆಯಿತು. ಬಾವಲಿಗಳು ಮರಿಹಾಕುವ ತಿಂಗಳುಗಳಲ್ಲಿ ದೊಡ್ಡ ಕೋಣೆ ಇಂದಿಗೂ ಮುಚ್ಚಿರುತ್ತದೆ. ಒಡೆಯರಿಗೇ ತಿಳಿಸದ ಗುಟ್ಟು ಬೇರೆ, ಕಾಯುವವರು ಸಿಗುವವರೆಗೆ ಕಾದ ಈ ಗುಟ್ಟು ಬೇರೆ.

ಅಗೆತಗಾರರ ಸ್ವಂತ ಜೀವದ ಮಾತನ್ನು ಬಿಡುವಂತಿಲ್ಲ. ಗಾಳಿಯಾಡದ ತುದಿಯಲ್ಲಿ ನಾಲ್ಕು ಜನ ಮೈಮುರಿದು ದುಡಿದರೆ ಇಂಗಾಲದ ಡೈಆಕ್ಸೈಡ್ ಬೇಗ ಏರುತ್ತದೆ. ಹೊರಗಿನ ಗಾಳಿಯಲ್ಲಿ ಅದು ನೂರಕ್ಕೆ 0.04, ಬ್ರಿಟನ್ನಿನಲ್ಲಿ ಎಂಟು ಗಂಟೆ ಕೆಲಸದ ಮಿತಿ 0.5, ನೂರಕ್ಕೆ ಮೂರರ ಹೊತ್ತಿಗೆ ಏದುಸಿರು, ತಲೆನೋವು. ಲೈಟರ್ ಹಚ್ಚಿ ನೋಡುವ ಹಳೆಯ ಪದ್ಧತಿ ಆಮ್ಲಜನಕ ಇಳಿದದ್ದನ್ನು ಹೇಳೀತು, ಡೈಆಕ್ಸೈಡ್ ಏರಿದ್ದನ್ನು ನೆಟ್ಟಗೆ ಹೇಳುವುದಿಲ್ಲ. ಅಳೆಯುವ ಯಂತ್ರವೇ ಬೇಕು. 1959ರ ಮಾರ್ಚಿನಲ್ಲಿ ಇಂಗ್ಲೆಂಡಿನ ಗುಹೆಯಾದ ಪೀಕ್ ಕ್ಯಾವರ್ನ್‌ನ ಒಂದು ಇಕ್ಕಟ್ಟಾದ ಕೂಪದಲ್ಲಿ ಸಿಕ್ಕಿಕೊಂಡ 20 ವರ್ಷದ ವಿದ್ಯಾರ್ಥಿಯ ಪ್ರಾಣ ತೆಗೆದದ್ದು ಅವನದೇ ಉಸಿರಿನಿಂದ ಕೆಟ್ಟ ಗಾಳಿ. ಇನ್ನು ಬಂಡೆರಾಶಿಯ ನಡುವೆ ಹೋಗುವವರು ಸ್ಕ್ಯಾಫೋಲ್ಡಿಂಗ್ ಪೈಪುಗಳನ್ನು ಆಸರೆ ಕೊಟ್ಟು, ಸಿಮೆಂಟು ತುಂಬಿ ಒಂದೊಂದೇ ಕಲ್ಲು ತೆಗೆಯುತ್ತಾರೆ. ಆಸರೆಗೆ ಒಂದು ದಿನ, ಮುನ್ನಡೆಗೆ ಒಂದು ದಿನ ಎಂಬ ಲೆಕ್ಕ ಇಟ್ಟುಕೊಂಡ ತಂಡಗಳನ್ನು ನಂಬಬಹುದು.

ಹಾಗಾದರೆ ಅನುಮತಿ ಕೇಳುವ ತಂಡದಿಂದ ಏನು ಕೇಳಬೇಕು? ಬಾಯಿಗೆ ಯಾವ ಬಾಗಿಲು, ಅದರ ಖರ್ಚು ಯಾರದು, ಕೀಲಿ ಯಾರ ಬಳಿ ಎಂಬುದು ಮೊದಲೇ ಬರಹದಲ್ಲಿರಲಿ. ಬಾಗಿಲಿನ ಸಾಮಾನು ಅಗೆತದ ಜಾಗದಲ್ಲೇ ಸಿದ್ಧವಿರಲಿ. ದಾರಿ ಬಿಟ್ಟುಕೊಂಡ ದಿನ ಒಳಗೆ ಹೋಗುವವರು ಇಷ್ಟೇ ಜನ, ನೆಲದ ಮೇಲೆ ಒಂದೇ ಹೆಜ್ಜೆದಾರಿ, ಇಕ್ಕೆಲಕ್ಕೂ ಪಟ್ಟಿ ಕಟ್ಟಿ ಗುರುತಿಸಿದ್ದು, ನಕ್ಷೆ ಅಳೆಯದೆ ಮುಂದಿನ ಕೋಣೆಗಿಲ್ಲ, ಎಲುಬು ಅಥವಾ ಚಿತ್ರ ಕಂಡ ಕಡೆ ತಿರುಗಿ ನಡೆಯುವುದು ಎಂಬ ಒಪ್ಪಂದವಿರಲಿ. ಅಗೆಯುವ ಮುನ್ನ ಒಂದು ವರ್ಷ ಬಾಯಿಯ ಗಾಳಿ, ಉಷ್ಣತೆ, ತೇವವನ್ನು ಅಳೆದಿಡಲಿ. ಆಮೇಲೆ ಬಾಗಿಲು ಸರಿಯಾಗಿದೆಯೇ ಎಂದು ಹೋಲಿಸಿ ನೋಡಲು ಬೇರೆ ಆಧಾರ ಇರುವುದಿಲ್ಲ. ಇದೆಲ್ಲ ಹವ್ಯಾಸಿಗಳ ಮೇಲೆ ಹೊರಿಸುವ ದಂಡವಲ್ಲ. ಒಳ್ಳೆಯ ತಂಡಗಳು ಇದರಲ್ಲಿ ಬಹಳಷ್ಟನ್ನು ಈಗಾಗಲೇ ಮಾಡುತ್ತಿವೆ. ಮಾಡದವರಿಗೂ ಮಾಡುವವರಿಗೂ ಒಂದೇ ಬಗೆಯ ಅನುಮತಿ ಸಿಗುವುದು ನಿಲ್ಲಬೇಕು, ಅಷ್ಟೇ. ಸಂರಕ್ಷಣಾ ಸಂಸ್ಥೆಗಳೂ ತಮ್ಮ ಪಾಲು ಹೊರಬೇಕು: ಬರೀ ಬೇಡ ಎನ್ನುವ ಪತ್ರದ ಬದಲು ಗೇಟಿನ ವಿನ್ಯಾಸ, ಹವೆ ಅಳೆಯುವ ಉಪಕರಣ, ಮಣ್ಣಿನ ಮಾದರಿ ಓದಬಲ್ಲ ಒಬ್ಬರ ಹೆಸರು ಇವಿಷ್ಟನ್ನು ಕೊಟ್ಟರೆ ಕದ್ದುಮುಚ್ಚಿ ಅಗೆಯುವವರ ಸಂಖ್ಯೆ ತಾನಾಗಿ ಇಳಿಯುತ್ತದೆ.

ಇದುವರೆಗೆ ಹೇಳಿದ್ದು ಫಲಿಸಿದ ಅಗೆತಗಳ ಮಾತು. ಫಲಿಸದವು ಅದಕ್ಕಿಂತ ಎಷ್ಟೋ ಹೆಚ್ಚು. ಗಾಳಿ ಕೈಕೊಟ್ಟ, ನೀರು ತುಂಬಿದ, ತಂಡ ಚದುರಿದ ಗುಂಡಿಗಳು ತುಕ್ಕು ಹಿಡಿದ ಪೈಪು, ಕೊಳೆತ ಹಲಗೆ, ಹರಿದ ಚೀಲಗಳೊಡನೆ ಹುಲ್ಲುಗಾವಲಿನಲ್ಲಿ ಬಾಯ್ದೆರೆದುಕೊಂಡು ಉಳಿಯುತ್ತವೆ. ಮೇಯಲು ಬಂದ ಕುರಿ ಅದರಲ್ಲಿ ಬಿದ್ದರೆ ಒಡೆಯ ಮುಂದಿನ ತಂಡಕ್ಕೆ ಬೇಲಿ ದಾಟಲು ಬಿಡುವುದಿಲ್ಲ. ಕೈಬಿಟ್ಟ ಗುಂಡಿಯನ್ನು ಯಾವಾಗ, ಯಾರು ಮುಚ್ಚಬೇಕು ಎಂಬುದೂ ಅದೇ ಒಪ್ಪಂದದಲ್ಲಿರಬೇಕು. ಪಳಗಿದ ಅಗೆತಗಾರರು ಮೊದಲ ದಿನವೇ ಹುಲ್ಲನ್ನು ಬೇರುಮಣ್ಣಿನ ಸಮೇತ ಚೌಕ ಚೌಕವಾಗಿ ಕತ್ತರಿಸಿ ನೆರಳಿನಲ್ಲಿ ಪಕ್ಕಕ್ಕಿಡುತ್ತಾರೆ, ಮೇಲ್ಮಣ್ಣನ್ನೂ ಅಡಿಯ ಜೇಡಿಯನ್ನೂ ಬೇರೆ ಬೇರೆ ಗುಡ್ಡೆ ಹಾಕುತ್ತಾರೆ. ಕೆಲಸ ಕೈಬಿಟ್ಟ ದಿನ ಪೈಪುಗಳನ್ನು ಕಿತ್ತು, ಮೊದಲು ಕಲ್ಲು, ಆಮೇಲೆ ಜೇಡಿ, ಆಮೇಲೆ ಮೇಲ್ಮಣ್ಣು ತುಂಬಿ ತುಳಿದು, ಕಡೆಗೆ ಹುಲ್ಲಿನ ಚೌಕಗಳನ್ನು ಮೊದಲಿದ್ದ ಕ್ರಮದಲ್ಲೇ ಜೋಡಿಸಿ ನೀರು ಹನಿಸುತ್ತಾರೆ.